ಕಲ್ಲು ಒಡೆದರು ಸರಿ, ಆಮೇಲೆ?

ಸಂಪಾದಕರೇ,

ಕಿಡ್ನಿ ಕಲ್ಲಿಗೆ ಶಾಕ್ ವೇವ್ ಚಿಕಿತ್ಸೆ ಮಾಡಿಸಿ, ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ ಹೋಗಬಹುದು ಅಂತ ಜಾಹೀರಾತುಗಳಲ್ಲಿ ಓದುತ್ತಲೇ ಇರುತ್ತೇವೆ. ಸುಳ್ಳೇನಲ್ಲ. ನಾನೇ ಎರಡು ಸಲ ಮಾಡಿಸಿಕೊಂಡು ಅದೇ ದಿನ ಮನೆಗೆ ಬಂದವನು. ಆದರೆ ಮನೆಗೆ ಬಂದ ಮೇಲೆ ಏನಾಗುತ್ತೆ ಅಂತ ಯಾರೂ ಬಾಯಿ ಬಿಡುವುದಿಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಹೆಸರಿನ ಗೊಂದಲ. ಶಾಕ್ ಅಂದ ಕೂಡಲೇ ನಮ್ಮಮ್ಮ ಕರೆಂಟ್ ಶಾಕ್ ಅಂದುಕೊಂಡು ಬೇಡವೇ ಬೇಡ ಅಂತ ಹಟ ಹಿಡಿದಿದ್ದರು. ಮೈಗೆ ಕರೆಂಟ್ ತಾಗುವುದಿಲ್ಲ. ಇದು ಶಬ್ದದ ಜಾತಿಯ ಒತ್ತಡದ ಅಲೆ, ಹೊರಗೆ ಹುಟ್ಟಿ ಮೈಯೊಳಗೆ ಹಾದು ಕಲ್ಲಿರುವ ಒಂದೇ ಜಾಗದಲ್ಲಿ ಬಂದು ಸೇರುತ್ತದೆ. ಕೆಲವರು ಇದನ್ನೇ ಲೇಸರ್ ಅನ್ನುತ್ತಾರೆ, ಅದು ಬೇರೆ. ಲೇಸರಿನಲ್ಲಿ ಸಾಮಾನ್ಯವಾಗಿ ಮೂತ್ರದ ದಾರಿಯಿಂದ ಒಂದು ತೆಳ್ಳನೆಯ ನಳಿಕೆ ಒಳಗೆ ಹೋಗುತ್ತದೆ. ಇದಕ್ಕೆ ಹಾಗೆ ಯಾವ ನಳಿಕೆಯೂ ಬೇಕಿಲ್ಲ.

ಇದರ ಹುಟ್ಟು ಇನ್ನೂ ಮಜವಾಗಿದೆ. ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿಯವರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆ ಹನಿ ಬಡಿದರೆ ಏನಾಗುತ್ತೆ ಅಂತ ನೋಡುತ್ತಿದ್ದಾಗ ಈ ಅಲೆಗಳ ಹಿಂದೆ ಬಿದ್ದರು. 1980ರ ಫೆಬ್ರುವರಿಯಲ್ಲಿ ಮ್ಯೂನಿಕ್‌ನಲ್ಲಿ ಡಾ. ಕ್ರಿಶ್ಚಿಯನ್ ಶೌಸಿ ಮತ್ತು ಅವರ ತಂಡ ಮೊದಲ ರೋಗಿಯ ಕಲ್ಲು ಒಡೆದರು. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲೇ ಇಳಿಸುತ್ತಿದ್ದರಂತೆ! ಈಗ ಬೆನ್ನಿಗೆ ಜೆಲ್ ಹಚ್ಚಿ, ನೀರು ತುಂಬಿದ ದಿಂಬಿನಂಥದ್ದನ್ನು ಒತ್ತಿ ಹಿಡಿಯುತ್ತಾರೆ. ಮಧ್ಯೆ ಗಾಳಿ ಗುಳ್ಳೆ ಇದ್ದರೆ ಅಲೆ ಅಲ್ಲೇ ತಡೆದು ನಿಂತುಬಿಡುತ್ತದೆ, ಅದಕ್ಕೇ ಅಷ್ಟು ಜೆಲ್.

ಟಕ್, ಟಕ್, ಟಕ್. ನಿಮಿಷಕ್ಕೆ ಅರವತ್ತರಿಂದ ತೊಂಬತ್ತು ಏಟು, ಒಟ್ಟು ಎರಡು ಮೂರು ಸಾವಿರ. ರಬ್ಬರ್ ಬ್ಯಾಂಡ್ ಎಳೆದು ಬೆನ್ನಿಗೆ ಬಿಟ್ಟ ಹಾಗಿರುತ್ತದೆ, ನೋವಿನ ಇಂಜೆಕ್ಷನ್ ಕೊಟ್ಟಿದ್ದರಿಂದ ತಡೆದುಕೊಂಡೆ. ಮುನ್ನೂರರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಮುಗಿದ ಮೇಲೆ "ಒಡೆದಿದೆ, ಚೆನ್ನಾಗಿ ನೀರು ಕುಡಿಯಿರಿ" ಅಂದರು, ಅಷ್ಟೇ.

ಮೊದಲ ಎರಡು ದಿನ ಮೂತ್ರ ಕೆಂಪಗಿತ್ತು. ಇದು ಮಾಮೂಲಿ ಅಂತ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಮೂರನೇ ದಿನ ರಾತ್ರಿ ಪಕ್ಕೆಯಲ್ಲಿ ಹಿಂಡಿದಂಥ ನೋವು ಶುರುವಾಗಿ ನೆಲದ ಮೇಲೆ ಹೊರಳಾಡಿದೆ. ಒಡೆದ ಚೂರುಗಳು ಮೂತ್ರನಾಳದಲ್ಲಿ ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿದ್ದವು. ಜರ್ಮನರು ಇದಕ್ಕೆ 'ಕಲ್ಲಿನ ಬೀದಿ' ಅಂತಲೇ ಹೆಸರಿಟ್ಟಿದ್ದಾರೆ, ಅಂದರೆ ಅಪರೂಪದ ಸಂಗತಿಯೇನಲ್ಲ ಅಲ್ವಾ? ಇಂಥ ಹೊತ್ತಲ್ಲಿ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಓಡಬೇಕು. ನನಗೆ ಜ್ವರ ಬರಲಿಲ್ಲ, ಸುಮ್ನೆ ಅದೃಷ್ಟ.

ಇನ್ನೊಂದು ಮಾತು. ಎಲ್ಲ ಕಲ್ಲಿಗೂ ಇದು ಆಗಿಬರುವುದಿಲ್ಲ. ಎರಡು ಸೆಂಟಿಮೀಟರ್ ದಾಟಿದ ಕಲ್ಲಿಗೆ ಸಾಮಾನ್ಯವಾಗಿ ಬೇರೆ ದಾರಿಯೇ ವಾಸಿ. ತುಂಬಾ ಗಟ್ಟಿ ಕಲ್ಲು ಜಗ್ಗುವುದಿಲ್ಲ, ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಗಟ್ಟಿತನದ ಅಂದಾಜು ಮೊದಲೇ ಸಿಗುತ್ತದೆ, ಕೇಳಿ. ನನ್ನದು 12 ಮಿಲಿಮೀಟರ್, ಕಿಡ್ನಿಯ ಕೆಳಭಾಗದಲ್ಲಿ. ಅಲ್ಲಿ ಒಡೆದರೂ ಚೂರು ಮೇಲೆ ಹತ್ತಿ ಬರಬೇಕು, ಬಾವಿಯ ತಳದಲ್ಲಿ ಬಿದ್ದ ಹಾಗೆ. ಅದಕ್ಕೇ ಎರಡನೇ ಸಲ ಮಲಗಬೇಕಾಯಿತು. ಈ ಜಾಗದ ಕಲ್ಲಿಗೆ ಹಾಗಾಗುವುದು ಜಾಸ್ತಿ ಅಂತ ಮೊದಲೇ ಹೇಳಿದ್ದರೆ ನಾನು ಬೇರೆ ಏನಾದರೂ ಯೋಚಿಸುತ್ತಿದ್ದೆನೋ ಏನೋ. ಬಸುರಿಯರಿಗೆ ಇದನ್ನು ಮಾಡುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ಹೇಳಲೇಬೇಕು, ಹಾಗಂತ ತಾವೇ ನಿಲ್ಲಿಸಿಬಿಡಬಾರದು.

ಆಸ್ಪತ್ರೆಗಳಿಗೆ ನಾನು ಕೇಳುವುದು ಒಂದೇ ಒಂದು ಹಾಳೆ. ಮನೆಗೆ ಕಳಿಸುವಾಗ ಕೈಗೆ ಕೊಡಿ: ಏನು ಮಾಮೂಲಿ, ಯಾವುದಕ್ಕೆ ಓಡಿ ಬರಬೇಕು, ಮತ್ತೆ ಸ್ಕ್ಯಾನಿಂಗ್ ಯಾವಾಗ. ಮೂತ್ರ ಸೋಸಿ ಚೂರು ಎತ್ತಿಡಿ ಅಂತಲೂ ಬರೆಯಿರಿ. ನಾನು ಕುತೂಹಲಕ್ಕೆ ಹಳೇ ಜರಡಿಯಲ್ಲಿ ಸೋಸಿದಾಗ ಸಿಕ್ಕಿದ್ದು ಕಂದು ಬಣ್ಣದ ಏಳೆಂಟು ಮರಳು ಕಾಳು, ಒಂದರ ತುದಿ ಮುಳ್ಳಿನಷ್ಟು ಚೂಪು. ಪುಟ್ಟ ಡಬ್ಬಿಯಲ್ಲಿ ಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದೆ. ಅದನ್ನು ಲ್ಯಾಬಿಗೆ ಕೊಟ್ಟರೆ ಯಾವ ಜಾತಿಯ ಕಲ್ಲು ಅಂತ ಗೊತ್ತಾಗುತ್ತದೆ, ಮತ್ತೆ ಬರದ ಹಾಗೆ ಏನು ಮಾಡಬೇಕು ಅನ್ನುವುದು ಅದರ ಮೇಲೇ ನಿಂತಿದೆ ಅಂತ ತಿಳಿದದ್ದು ಎರಡನೇ ಸಲ ಹೋದಾಗ. ಅಷ್ಟರಲ್ಲಿ ಮನೆಯಲ್ಲಿ ಯಾರೋ ಕಸ ಅಂತ ಡಬ್ಬಿ ಎಸೆದಿದ್ದರು.

ಇಂತಿ,
ನಿಮ್ಮ ಓದುಗ