‘ಪಟ’ ಎಂಬ ಒಂದೇ ಕಾಲಮ್ಮು ಸಾಲದು: ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮ ಜಿಲ್ಲೆಯ ಹಳೆ ಮನೆಗಳ ಚಾವಡಿಯಲ್ಲಿ, ದೇವರ ಕೋಣೆಯಲ್ಲಿ, ಅಟ್ಟದ ಪೆಟ್ಟಿಗೆಗಳಲ್ಲಿ ಒಂಟಿ ಹಾಳೆಯ ಅಚ್ಚುಗಳು ಇನ್ನೂ ಉಳಿದಿವೆ. ಕಟ್ಟು ಹಾಕಿಸಿದ ದೇವರ ಪಟ, ಕ್ಯಾಲೆಂಡರಿನಿಂದ ಕತ್ತರಿಸಿ ಇಟ್ಟ ಲಕ್ಷ್ಮಿ, ಯಕ್ಷಗಾನ ಆಟದ ನೋಟೀಸು, ಜಾತ್ರೆಯ ವಾಲ್‌ಪೋಸ್ಟರು. ಇವನ್ನು ಪಟ್ಟಿ ಮಾಡಲು ಊರ ಗ್ರಂಥಾಲಯಗಳಿಗೆ ವಾರ್ಷಿಕ ಯೋಜನೆಯಲ್ಲಿ ಒಂದಿಷ್ಟು ಹಣ ಇಡಿ ಎಂಬುದು ನಮ್ಮ ಬೇಡಿಕೆ. ಆದರೆ ಹಣಕ್ಕಿಂತ ಮೊದಲು ಸರಿಯಾದ ನಮೂನೆ ಬೇಕು. ಮನೆಮಾತಿನಲ್ಲಿ ಎಲ್ಲವೂ ‘ಪಟ’ವೇ, ಅದರಲ್ಲಿ ತಪ್ಪಿಲ್ಲ. ದಾಖಲೆಯಲ್ಲೂ ಹಾಗೇ ಬರೆದರೆ ಕೆಟ್ಟಿತು. ಯಾವ ಹಾಳೆ ಹೇಗೆ ಅಚ್ಚಾಯಿತು ಎಂದು ಗೊತ್ತಾಗದೆ ಅದನ್ನು ಹೇಗೆ ಕಾಪಾಡಬೇಕು ಎಂದೂ ಗೊತ್ತಾಗುವುದಿಲ್ಲ.

ಕಲ್ಲಚ್ಚಿನಿಂದ ಶುರು ಮಾಡೋಣ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಎಡಬಲ ತಿರುಗಿಸಿ ಚಿತ್ರ ಬರೆಯುತ್ತಾರೆ. ಗೋಂದಿನ ನೀರಿಗೆ ಕೆಲವು ಹನಿ ನೈಟ್ರಿಕ್ ಆಮ್ಲ ಸೇರಿಸಿ ಸವರುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಕಲ್ಲು ಒಣಗಿದರೆ ಬರಿ ಜಾಗಕ್ಕೂ ಮಸಿ ಹತ್ತಿ ಹಾಳೆ ಮಂಕಾಗುತ್ತದೆ. ನೀರು ಹೆಚ್ಚಾದರೆ ಗೆರೆ ಸಪ್ಪೆಯಾಗುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವೂ 1847ರಲ್ಲಿ ತಲಶ್ಶೇರಿಯಲ್ಲಿ ‘ರಾಜ್ಯಸಮಾಚಾರಂ’ ಕೂಡ ಕಲ್ಲಚ್ಚಿನಲ್ಲೇ ಬಂದವು. ನಾವಿರುವುದು ಈ ಎರಡು ಊರುಗಳ ನಡುವೆ. ಮಲಯಾಳದಲ್ಲೂ ಅದು ‘ಕಲ್ಲಚ್ಚ್’ ಎಂದೇ, ಹಾಗಾಗಿ ನಮೂನೆಯ ಈ ಪದಕ್ಕೆ ಎರಡು ಭಾಷೆಯವರೂ ತಕರಾರು ತೆಗೆಯಲಾರರು.

ಬಣ್ಣ ಬೇಕೆಂದರೆ ಬಣ್ಣಕ್ಕೊಂದು ಕಲ್ಲು. ಹಾಗೆ ಹತ್ತು ಹನ್ನೆರಡು ಕಲ್ಲುಗಳ ಮೇಲೆ ಒಂದೇ ಹಾಳೆಯನ್ನು ಮತ್ತೆ ಮತ್ತೆ ಹಾಯಿಸಿ, ಕೊನೆಗೆ ವಾರ್ನಿಷ್ ಬಳಿದು, ಕ್ಯಾನ್ವಾಸಿನ ನೇಯ್ಗೆಯಂಥ ಉಬ್ಬು ಒತ್ತಿ, ತೈಲಚಿತ್ರದಂತೆ ಕಾಣಿಸಿದ್ದೇ ಓಲಿಯೋಗ್ರಾಫ್. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿಯರು ಈ ಜಾತಿಯವರು. ಜರ್ಮನಿಯಲ್ಲಿ ಅಚ್ಚಾಗಿ ಬಂದ ದೇವರ ಪಟಗಳೂ ಇವೆ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ತುಟಿಯಿಂದ ಆಚೆ ಬೀಳುತ್ತದೆ. ಪ್ರೆಸ್ಸಿನವರ ಮಾತಿನಲ್ಲಿ ಅದು ‘ರಿಜಿಸ್ಟರ್ ತಪ್ಪಿದ್ದು’. ಪಟ್ಟಿ ಬರೆಯುವವರು ಅದನ್ನು ‘ಬಣ್ಣ ಹರಡಿದೆ, ನೀರು ಬಿದ್ದಿರಬೇಕು’ ಎಂದು ಬರೆದರೆ, ಅಚ್ಚಿನ ದಿನವೇ ಆದ ದೋಷವನ್ನು ಮನೆಯವರ ತಲೆಗೆ ಕಟ್ಟಿದಂತೆ.

ಗುರುತಿಸಲು ದೊಡ್ಡ ಯಂತ್ರ ಬೇಡ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಸಾಕು. ದೇವಿಯ ಕೆನ್ನೆಯ ಮೇಲೆ ಅದನ್ನು ಹಿಡಿಯಿರಿ. ಚುಕ್ಕಿಗಳು ಕೈಯಲ್ಲಿ ಇಟ್ಟಂತೆ ದಪ್ಪ ಸಣ್ಣ ಬೆರೆತು, ಸಾಲು ತಪ್ಪಿ ಹರಡಿದ್ದರೆ ಕಲ್ಲಚ್ಚು. ಸೇನೆಯಂತೆ ಸಾಲಾಗಿ ನಿಂತಿದ್ದರೆ, ನಾಲ್ಕು ಬಣ್ಣದ ಚುಕ್ಕಿಗಳು ಸೇರಿ ಸಣ್ಣ ಹೂವಿನಂತೆ ಕಂಡರೆ ಅದು ಹಾಫ್‌ಟೋನ್, ಅಂದರೆ ಕ್ಯಾಮರಾ ಮತ್ತು ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ ಸ್ಕ್ರೀನಿನ ಕೆಲಸ. ಶಿವಕಾಶಿಯ ಆಫ್‌ಸೆಟ್ ಕ್ಯಾಲೆಂಡರು ಹೀಗಿರುತ್ತದೆ. ಚುಕ್ಕಿಯೇ ಇಲ್ಲದೆ ಬಣ್ಣ ಮೋಡದಂತೆ ಕರಗಿದ್ದರೆ ಆಗ ಮಾತ್ರ ಫೋಟೊ ಎನ್ನಬಹುದು.

ಆಟದ ನೋಟೀಸಿನ ಕಥೆ ಬೇರೆ. ಅದು ಮೊಳೆಯ ಅಚ್ಚು, ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರದ ಕೆಲಸ. ಹಾಳೆ ಮಗುಚಿ ಬೆರಳಾಡಿಸಿದರೆ ಅಕ್ಷರ ಒತ್ತಿದ ಉಬ್ಬು ಹಿಂದೆ ಸಿಗುತ್ತದೆ. (‘ಮೊಳೆ’ಯನ್ನು ಮಲಯಾಳಕ್ಕೆ ಭಾಷಾಂತರಿಸುವವರು ದಯವಿಟ್ಟು ‘ಆಣಿ’ ಎಂದು ಬರೆಯದಿರಲಿ. ಇದು ಸೀಸದ ಅಕ್ಷರ.) ಮೇಲೆ ಗಣಪತಿಯದೋ ಕಿರೀಟದ ವೇಷದ್ದೋ ಒಂದು ಬ್ಲಾಕು, ಅಂದರೆ ಚಿತ್ರದ ಲೋಹದ ಅಚ್ಚು, ಇರುತ್ತದೆ. ಒರಟು ಬಣ್ಣದ ಕಾಗದಕ್ಕೆ ಇಂಚಿಗೆ 65 ಸಾಲಿನ ಸ್ಕ್ರೀನೇ ಸರಿ. ಆರ್ಟ್ ಪೇಪರಿಗೆಂದು ಮಾಡಿಸಿದ 133ರ ಬ್ಲಾಕನ್ನು ಅದರ ಮೇಲೆ ಹೊಡೆದರೆ ಚುಕ್ಕಿಗಳ ನಡುವೆ ಮಸಿ ತುಂಬಿ ವೇಷಧಾರಿಯ ಮುಖ ಕಪ್ಪು ಮುದ್ದೆಯಾಗುತ್ತದೆ. ಒಂದೇ ಬ್ಲಾಕು ವರ್ಷಗಟ್ಟಲೆ ದುಡಿಯುವುದರಿಂದ ಚಿತ್ರ ನೋಡಿ ಕಾಲ ಹೇಳಲು ಹೋಗಬಾರದು. ಆದರೆ ಬ್ಲಾಕಿನ ಮೂಲೆ ಮುರಿದಿದ್ದರೆ, ಗೆರೆ ಬಿರುಕು ಬಿಟ್ಟಿದ್ದರೆ, ಬಿರುಕಿಲ್ಲದ ಹಾಳೆ ಮೊದಲಿನದು, ಬಿರುಕಿದ್ದದ್ದು ಆಮೇಲಿನದು.

ನೋಟೀಸಿನಲ್ಲಿ ಇಸವಿ ಹಾಕುವ ರೂಢಿ ಕಡಿಮೆ. ನಾಳೆ ನಾಡಿದ್ದಿನ ಆಟಕ್ಕೆ ಇಸವಿ ಯಾರಿಗೆ ಬೇಕು? ಆದರೂ ಕಂಡುಹಿಡಿಯಬಹುದು. ‘ತಾ. 9-2, ಶನಿವಾರ’ ಎಂದಿದೆ ಎನ್ನಿ. 1955ರಿಂದ 1975ರ ಒಳಗೆ ಫೆಬ್ರವರಿ 9 ಶನಿವಾರ ಬಂದದ್ದು 1957, 1963, 1974ರಲ್ಲಿ. ಟಿಕೇಟಿನ ದರ ‘ನಯಾ ಪೈಸೆ’ಯಲ್ಲಿದ್ದರೆ, ಆ ಹೆಸರು 1957ರ ಏಪ್ರಿಲ್‌ನಿಂದ 1964ರ ಮೇ ತನಕ ಮಾತ್ರ ಇದ್ದದ್ದರಿಂದ, 1963 ಎಂದು ಧೈರ್ಯವಾಗಿ ಬರೆಯಬಹುದು. ವಿಳಾಸವೂ ಸಾಕ್ಷಿ ಹೇಳುತ್ತದೆ. ‘ದಕ್ಷಿಣ ಕನ್ನಡ’ ಎಂದಿದ್ದರೆ ಸಾಮಾನ್ಯವಾಗಿ 1956ರ ನವೆಂಬರಿಗಿಂತ ಮೊದಲು, ‘ಕಣ್ಣೂರು ಜಿಲ್ಲೆ’ ಎಂದಿದ್ದರೆ 1957ರಿಂದ ಈಚೆ, ‘ಕಾಸರಗೋಡು ಜಿಲ್ಲೆ’ ಎಂದಿದ್ದರೆ 1984ರ ಮೇ 24ರ ನಂತರ. ಪಿನ್‌ಕೋಡ್ ಕಂಡರೆ 1972ರ ಆಗಸ್ಟ್ 15ಕ್ಕಿಂತ ಈಚಿನದು. ಇಷ್ಟನ್ನು ನಮೂನೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದರೆ ಹೈಸ್ಕೂಲಿನ ಮಕ್ಕಳೂ ಲೆಕ್ಕ ಹಾಕಿಯಾರು.

ಎಲ್ಲಕ್ಕಿಂತ ಮುಖ್ಯ ಹಾಳೆಯ ತಳದ ಸಣ್ಣ ಸಾಲು: ಯಾವ ಪ್ರೆಸ್ಸು, ಯಾವ ಊರು. 1867ರ ಕಾಯಿದೆ ಮುದ್ರಕರ ಹೆಸರನ್ನೂ ಊರನ್ನೂ ಕಡ್ಡಾಯ ಮಾಡಿತ್ತು. ಕಟ್ಟು ಹಾಕುವವರು ಅಂಚು ನೇರ ಮಾಡುವಾಗ ಮೊದಲು ಕತ್ತರಿಗೆ ಬಲಿಯಾಗುವುದು ಈ ಸಾಲೇ. ನಮೂನೆಯಲ್ಲಿ ಇದಕ್ಕೆ ಪ್ರತ್ಯೇಕ ಕಾಲಮ್ಮು ಇರಲಿ. ಕತ್ತರಿಸಿ ಹೋಗಿದ್ದರೆ ‘ಕತ್ತರಿಸಿದೆ’ ಎಂದೇ ಬರೆಯಲಿ, ಖಾಲಿ ಬಿಡುವುದು ಬೇಡ.

ಇನ್ನು ಲ್ಯಾಮಿನೇಷನ್. ‘ಹಳೆಯದನ್ನು ಉಳಿಸುತ್ತೇವೆ’ ಎಂದು ಹೊರಟವರೆಲ್ಲ ಮೊದಲು ಮಾಡುವ ಅನಾಹುತ ಇದು. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದರೆ ಮತ್ತೆ ತೆಗೆಯುವಂತಿಲ್ಲ, ಓಲಿಯೋಗ್ರಾಫಿನ ಉಬ್ಬು ಚಪ್ಪಟೆಯಾಗುತ್ತದೆ. ಪಂಚಾಯತ್ ಹಣದಲ್ಲಿ ಲ್ಯಾಮಿನೇಷನ್ ಕೂಡದು ಎಂದು ಆದೇಶದಲ್ಲೇ ಬರೆಯಿಸಿ. ಸೆಲ್ಲೋಟೇಪಿಗೂ ಅದೇ ಮಾತು; ಟೇಪು ಉದುರಿದರೂ ಕಂದು ಕಲೆ ಉಳಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ವಾರ್ನಿಷ್ ಮೆತ್ತಗಾಗಿ ಪಟ ಕಟ್ಟಿನ ಗಾಜಿಗೇ ಅಂಟಿಕೊಂಡಿರುತ್ತದೆ. ಅಂಥದ್ದನ್ನು ಎಳೆದರೆ ದೇವರ ಮುಖ ಗಾಜಿನ ಪಾಲು. ಗಾಜಿನ ಸಮೇತ ಹಾಗೇ ಇಡಬೇಕು, ಬಿಡಿಸುವುದು ತರಬೇತಾದವರ ಕೆಲಸ. ಜರಿ, ಮಣಿ ಹೊಲಿದು ಸಿಂಗರಿಸಿದ ಪಟಗಳನ್ನು ಮಲಗಿಸಿಯೇ ಇಡಬೇಕು. ನೋಟೀಸಿನ ಗುಲಾಬಿ, ಹಸಿರು ಕಾಗದ ನೀರು ತಾಗಿದರೆ ಬಣ್ಣ ಬಿಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಾರದು.

ಸ್ಕ್ಯಾನ್ ಮಾಡುವಾಗ 600 ಡಿಪಿಐ ಇರಲಿ. ಅದಕ್ಕಿಂತ ಕಡಿಮೆಯಾದರೆ ಹಾಫ್‌ಟೋನ್ ಚುಕ್ಕಿಗಳ ಮೇಲೆ ಸೀರೆಯ ನೆರಿಗೆಯಂಥ ಅಲೆಗಳು ಮೂಡಬಹುದು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಲಿ. ಎರಡೂ ಬದಿ ತೆಗೆಯಲಿ. ನೋಟೀಸಿನ ಹಿಂದೆ ಯಾರೋ ಬರೆದ ಅಡಿಕೆಯ ಲೆಕ್ಕದಲ್ಲಿ ತಾರೀಕು ಸಿಗಬಹುದು. ಹಾಳೆ ಮಾತ್ರ ಮನೆಯವರ ಬಳಿಯೇ ಇರಲಿ, ಸ್ಕ್ಯಾನ್ ಪ್ರತಿ ಗ್ರಂಥಾಲಯಕ್ಕೆ ಬರಲಿ.

ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ನಡೆಯಬೇಕು, ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಕಟ್ಟು ಬಿಚ್ಚಿದರೆ ಬೂಸಲು ಖಚಿತ. ಒಂದು ಪುಟದ ನಮೂನೆಯ ಕರಡನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇದರೊಂದಿಗೆ ಲಗತ್ತಿಸಿದ್ದೇವೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಿಗೆ ಕನ್ನಡದ್ದೇ ಹೋಗಲಿ. ಒಂದೊಂದು ಗ್ರಂಥಾಲಯಕ್ಕೆ ಒಂದೊಂದು ಭೂತಗನ್ನಡಿಯನ್ನೂ ಅದರ ಜೊತೆಗೇ ಕಳುಹಿಸಿಕೊಡಿ.

ಇಂತಿ,
ಕಾಸರಗೋಡಿನ ಅಚ್ಚುಕೆಲಸ ಬಲ್ಲ ಕೆಲವರು