ಗುಳಿಗಿ ಚಟ ಬಿಡಿಸ್ಲಾಕತ್ತೋರು ಓದ್ರಿ

ಶರಣ್ರಿ ಎಲ್ಲಾರಿಗೂ. ನಿನ್ನೆ ಗ್ರೂಪ್‌ನಾಗ ಟ್ರಮಡಾಲ್ (ಅಫೀಮು ಜಾತಿ ನೋವಿನ ಗುಳಿಗಿ) ಚಟ ಬಿಡಿಸೋದು ಹೆಂಗ ಅಂತ ಕೇಳಿದ್ರಲ್ಲ, ಅದಕ್ಕ ಬರೀಲಾಕತ್ತೀನಿ, ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಕಾಕಾನ ಮಗ ಬೆನ್ನು ನೋವಿಗಂತ ಚಾಲೂ ಮಾಡಿದ್ದು, ಆಮ್ಯಾಲ ಸ್ಕೂಟಿ ಡಿಕ್ಕಿ ತೆಗೆದ್ರ ಬರೇ ಖಾಲಿ ಸ್ಟ್ರಿಪ್. ಒಂದ್ ಚಟ ಬಿಡಿಸೋ ಸೆಂಟರ್‌ಗೆ ಹಾಕಿದ್ವಿ, ಅಲ್ಲಿ ಮೊದಲ ಚಟ ಬಿಡ್ಲಿ ಮನಸ್ಸಿಂದು ಆಮ್ಯಾಲ ನೋಡೋಣ ಅಂದ್ರು, ಮನಿಗೆ ಬಂದ, ರಾತ್ರಿ ಮೂರಕ್ಕ ಮಾಳಿಗಿ ಮ್ಯಾಲ ಒಬ್ನೇ ಕೂಡೋದು, ರೊಟ್ಟಿ ಮುರ್ದು ಹಂಗೇ ಬಿಡೋದು, ತಿಂಗಳದಾಗ ಮತ್ತ ಗುಳಿಗಿ. ಖರೇ ಅಂದ್ರ ಡಿಪ್ರೆಶನ್ ಮೊದ್ಲಿಂದ್ಲೂ ಇತ್ತು, ನಾವೇ ಸೊಕ್ಕು ಅಂತ ಬೈತಿದ್ವಿ.

ಚಟ, ಡಿಪ್ರೆಶನ್ ಎರಡೂ ಕೂಡೇ ಟ್ರೀಟ್ ಮಾಡ್ಬೇಕ್ರಿ. ಗುಳಿಗಿ ನಿಂತ ಹೊಸದಾಗಿ ನಿದ್ದಿಗೇಡು, ಗಾಬರಿ ಹೆಂಗೂ ಇರ್ತದ, ಅದು ವಿದ್‌ಡ್ರಾವಲ್ಲೋ (ಗುಳಿಗಿ ಬಿಟ್ಟಾಗ ಮೈಗಾಗೋ ತ್ರಾಸು) ಮೊದ್ಲಿಂದಿದ್ದ ಮನಸ್ಸಿನ ಕಾಯಿಲೆನೋ ಡಾಕ್ಟರ್ ಕೆಲ ವಾರ ನೋಡಿಯೇ ಹೇಳಬೇಕಾಗ್ತದ. ಡಾಕ್ಟರ್ ಕೊಡೋ ಚಟ ಬಿಡಿಸೋ ಔಷಧಿ ಬುಪ್ರೆನಾರ್ಫಿನ್‌ನಿಂದ ಸೆಳೆತ ಕಮ್ಮಿ ಆಗ್ತದ, ಡಿಪ್ರೆಶನ್ ಔಷಧಿ ಹತ್ತಲಿಕ್ಕೆ ಮಾತ್ರ 2ರಿಂದ 4 ವಾರ ಬೇಕು, ನಡುವೆ ನಿಲ್ಲಿಸ್ಬ್ಯಾಡ್ರಿ. ಟ್ರಮಡಾಲ್ ತಗೋತಿದ್ದಿದ್ದು ಮುಚ್ಚಿಡಬ್ಯಾಡ್ರಿ, ಕೆಲವು ಡಿಪ್ರೆಶನ್ ಗುಳಿಗಿ ಜೊತಿ ಫಿಟ್ಸ್ ಬರಬಹುದು. ಮತ್ತ ನಿದ್ದಿ ಬರಲಂತ ಮೆಡಿಕಲ್‌ನಾಗ ಅಲ್ಪ್ರಾಜೋಲಾಂ ತಂದು ಕೊಡೋದು ಬ್ಯಾಡೇ ಬ್ಯಾಡ, ಟ್ರಮಡಾಲ್ ಇಲ್ಲಾ ಬುಪ್ರೆನಾರ್ಫಿನ್ ಜೊತಿ ಅದು ಕೂಡಿದ್ರ ಉಸಿರೇ ನಿಲ್ಲಬಹುದು. ಬಿಟ್ಟು ಸ್ವಲ್ಪ ದಿನ ಆದ್ಮ್ಯಾಲ ಹಳೇ ಡೋಸ್ ತಗೊಂಡ್ರೂ ಅದೇ ಡೇಂಜರ್, ಮೈ ತಡ್ಕೊಳ್ಳಂಗಿಲ್ಲ.

ಮನಸ್ಸಿನ ತೊಂದ್ರಿಗೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಾಗೇ ಮಾತಾಡ್ಬಹುದು, ಚಟದ್ದಕ್ಕ 14446. ಸಾಯೋ ಮಾತಾಡಿದ್ರ ಒಬ್ನೇ ಬಿಡಬ್ಯಾಡ್ರಿ, ಸೀದಾ ಜಿಮ್ಸ್ (ಸರಕಾರಿ ದವಾಖಾನಿ) ಕ್ಯಾಜುವಾಲ್ಟಿಗೆ ಕರ್ಕೊಂಡು ಹೋಗ್ರಿ.

ಮಂಗಳವಾರ ನಾವು ಡಾಕ್ಟರ್ ಕಡೆ ಹೊಂಟೀವಿ, ಜೊತಿಗೆ ಬರೋರು ಪರ್ಸನಲ್‌ನಾಗ ಮೆಸೇಜ್ ಹಾಕ್ರಿ, ಇಲ್ಲಿ ಹುಡುಗರ ಹೆಸರು ಬರೀಬ್ಯಾಡ್ರಿ.