ದೀಪದ ರಿಲೇ ಯಾರ ಆಜ್ಞೆ ಪಾಲಿಸಬೇಕು?

ಸಂಪಾದಕರಿಗೆ,

ಮಾನ್ಯರೇ,

ದೊಡ್ಡ ಕಟ್ಟಡಗಳಲ್ಲಿ ನಡುಹಗಲಲ್ಲೂ ದೀಪ ಉರಿಯುತ್ತಿದ್ದರೆ ಸಿಬ್ಬಂದಿಯ ಉದಾಸೀನವನ್ನು ದೂರುವುದು ವಾಡಿಕೆ. ರಿಲೇ (ವಿದ್ಯುತ್ ಸಂಕೇತದಿಂದ ನಡೆಯುವ ಸ್ವಿಚ್) ಪ್ಯಾನೆಲ್ ಇರುವ ಕಡೆ ಮಾತ್ರ, ನಿಯಂತ್ರಣ ಸಂಕೇತಗಳ ಆದ್ಯತೆಯನ್ನು ಯಾರೂ ಕುಳಿತು ನಿಗದಿಪಡಿಸದಿರುವುದೇ ಎಷ್ಟೋ ಸಲ ಇದರ ಮೂಲವಾಗಿರುತ್ತದೆ.

ಒಂದೇ ರಿಲೇಗೆ ಗೋಡೆಯ ಸ್ವಿಚ್, ಟೈಮರ್, ಹಗಲು ಬೆಳಕಿನ ಸೆನ್ಸರ್, ಜನಸಂಚಾರ ಗುರುತಿಸುವ ಸೆನ್ಸರ್, ಅಗ್ನಿ ಎಚ್ಚರಿಕೆ ವ್ಯವಸ್ಥೆ ಎಲ್ಲವುಗಳಿಂದಲೂ ಆಜ್ಞೆ ಬರಬಹುದು. ಕೊನೆಗೆ ಬಂದದ್ದೇ ನಡೆಯಲಿ ಎಂದು ಬಿಟ್ಟರೆ, ಬೆಂಕಿಯ ಎಚ್ಚರಿಕೆಗೆ ಹೊತ್ತಿಕೊಂಡ ಮೆಟ್ಟಿಲ ದೀಪವನ್ನು ಮರುನಿಮಿಷವೇ ಟೈಮರ್ ಆರಿಸಿಬಿಡಬಹುದು. ಲ್ಯಾಚಿಂಗ್ ರಿಲೇ ಅಂತೂ ಒಂದು ಪಲ್ಸ್ (ಕ್ಷಣಿಕ ಸಂಕೇತ) ಸಿಕ್ಕರೆ ಸಾಕು, ನಡುವೆ ಕರೆಂಟ್ ಹೋದರೂ, ಮುಂದಿನ ಪಲ್ಸ್ ಬರುವವರೆಗೆ ಅದೇ ಸ್ಥಿತಿಯಲ್ಲಿ ನಿಂತಿರುತ್ತದೆ. ಆಜ್ಞೆ ಯಾರದೆಂಬ ವಿವೇಚನೆ ರಿಲೇಗೆ ಸಂಕೇತ ಕಳಿಸುವ ಕಂಟ್ರೋಲರ್‌ನದೇ ಹೊಣೆ.

ಇದಕ್ಕೊಂದು ಒಪ್ಪಿತ ಕ್ರಮ ಇಲ್ಲದಿಲ್ಲ. ಕಟ್ಟಡದ ನಿಯಂತ್ರಣ ಸಾಧನಗಳು ಪರಸ್ಪರ ಮಾತಾಡಲು ಬಳಸುವ, 1995ರಲ್ಲಿ ಮಾನದಂಡವಾಗಿ ಹೊರಬಂದ ಬ್ಯಾಕ್‌ನೆಟ್ ಎಂಬ ಸಂವಹನ ನಿಯಮಾವಳಿಯಲ್ಲಿ 16 ಆದ್ಯತಾ ಮಟ್ಟಗಳಿದ್ದು, ಸಂಖ್ಯೆ ಚಿಕ್ಕದಾದಷ್ಟೂ ಅಧಿಕಾರ ಹೆಚ್ಚು: 1 ಮತ್ತು 2 ಜೀವರಕ್ಷಣೆಗೆ ಮೀಸಲು, 8 ಆಪರೇಟರ್ ಕೊಡುವ ಆಜ್ಞೆಗೆ, ದಿನನಿತ್ಯದ ವೇಳಾಪಟ್ಟಿ ಅದಕ್ಕಿಂತ ಕೆಳಗೆ. ಮೇಲಿನ ಆಜ್ಞೆ ಜಾರಿಯಲ್ಲಿರುವಾಗ ಕೆಳಗಿನವು ಅಳಿಸಿಹೋಗುವುದಿಲ್ಲ. ಮೇಲಿನದನ್ನು ಹಿಂತೆಗೆದ ಕೂಡಲೇ ಜಾರಿಗೆ ಬರುತ್ತವೆ.

ತೊಡಕಿರುವುದು ಈ ಹಿಂತೆಗೆತದಲ್ಲಿಯೇ. ದುರಸ್ತಿಗೆಂದು 8ನೇ ಮಟ್ಟದಲ್ಲಿ 'ಆನ್' ಕೊಟ್ಟವರು ಕೆಲಸ ಮುಗಿದ ಮೇಲೆ ಅದೇ ಮಟ್ಟದಲ್ಲಿ 'ಆಫ್' ಕೊಟ್ಟು ಹೊರಟುಬಿಡುತ್ತಾರೆ. ದೀಪ ಆರುತ್ತದೆ ನಿಜ, ಆದರೆ 'ಆಫ್' ಕೂಡ ಒಂದು ಆಜ್ಞೆಯೇ ಆದ್ದರಿಂದ ಆ ಮಟ್ಟ ತೆರವಾಗಿರುವುದಿಲ್ಲ. ಮರುದಿನ ವೇಳಾಪಟ್ಟಿ ದೀಪ ಹಚ್ಚಲು ಹೇಳಿದರೂ ರಿಲೇ ಕದಲುವುದಿಲ್ಲ. ಆಗ ಟೈಮರ್ ಕೆಟ್ಟಿದೆಯೆಂದು ಅದನ್ನೇ ಬದಲಾಯಿಸುವವರೂ ಉಂಟು.

ಗೋಡೆಯ ಸ್ವಿಚ್ ಟೈಮರ್‌ಗಿಂತ ಮೇಲಿರಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ತಡವಾಗಿ ಕೆಲಸ ಮಾಡುವವರನ್ನು ಕತ್ತಲಲ್ಲಿ ಕೂರಿಸುವ ವ್ಯವಸ್ಥೆಯನ್ನು ಜನ ಹೇಗಾದರೂ ಬೈಪಾಸ್ ಮಾಡಿಯೇ ತೀರುತ್ತಾರೆ. ಆದರೆ ಆ ಅಧಿಕಾರ ಎರಡು ಗಂಟೆಯಲ್ಲಿ ತಾನಾಗಿ ಮುಗಿಯಬೇಕು, ಆರುವ ಮುನ್ನ ದೀಪ ಒಮ್ಮೆ ಮಿಣುಕಿ ಎಚ್ಚರಿಸಬೇಕು. ಅಗ್ನಿ ಸಂಕೇತಕ್ಕೆ ಮಾತ್ರ ಇಂಥ ಗಡುವು ಸಲ್ಲದು; ಎಚ್ಚರಿಕೆ ಪ್ಯಾನೆಲ್ ರೀಸೆಟ್ ಆಗುವವರೆಗೂ ಅದು ಉಳಿಯಬೇಕು.

ಗುತ್ತಿಗೆದಾರರು ಕಟ್ಟಡ ಒಪ್ಪಿಸುವಾಗ ಪ್ರತಿಯೊಂದು ಸ್ವಿಚ್ಚನ್ನೂ ಬಿಡಿಯಾಗಿ ಒತ್ತಿ ತೋರಿಸಿದರೆ ಸಾಲದು. ಪರಸ್ಪರ ವಿರುದ್ಧವಾದ ಎರಡು ಆಜ್ಞೆಗಳನ್ನು ಒಟ್ಟಿಗೆ ಕೊಟ್ಟು ಯಾವುದು ಗೆಲ್ಲುತ್ತದೆ, ಗೆದ್ದದ್ದನ್ನು ಹಿಂತೆಗೆದ ಮೇಲೆ ದೀಪ ಯಾವ ಸ್ಥಿತಿಗೆ ಮರಳುತ್ತದೆ ಎಂಬುದನ್ನು ಮಾಲೀಕರ ಎದುರೇ ಪರೀಕ್ಷಿಸಿ, ಆ ಆದ್ಯತಾ ಪಟ್ಟಿಯನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಬೇಕೆಂಬ ಷರತ್ತನ್ನು ಟೆಂಡರಿನಲ್ಲಿಯೇ ಸೇರಿಸುವುದು ಅಗತ್ಯ.

ಇಂತಿ,
ಒಬ್ಬ ವಿದ್ಯುತ್ ನಿಯಂತ್ರಣ ತಂತ್ರಜ್ಞ